ವಿಮಾನದ ಮೂಗಿನ ಬಳೆ

ಆ ಯುದ್ಧವಿಮಾನ ಬಿದ್ದದ್ದು ಆಕಾಶದಿಂದಲ್ಲ, ಸಿಮೆಂಟ್ ಕಂಬದ ಮೇಲಿಂದ. ಚಳ್ಳಕೆರೆಯಿಂದ ನನ್ನಿವಾಳದ ಕಡೆ ಹೋಗುವ ದಾರಿಯಲ್ಲಿ ಒಂದು ಕಾಲೇಜಿದೆ. ಹಾರಿ ಹಾರಿ ಸುಸ್ತಾದ ಹಳೇ ಜೆಟ್ ವಿಮಾನವೊಂದನ್ನು ಎಲ್ಲಿಂದಲೋ ತರಿಸಿ, ಗೇಟಿನ ಪಕ್ಕ ಕಂಬದ ಮೇಲೆ ಕೂರಿಸಿದ್ದರು. ಒಂದು ಬೇಸಿಗೆಯಲ್ಲಿ ಮಳೆಯ ಹನಿಯೂ ಇಲ್ಲದ ಬರೀ ಗಾಳಿ ಎದ್ದು, ತುಕ್ಕು ಹಿಡಿದಿದ್ದ ಬೋಲ್ಟುಗಳು ಕಿತ್ತುಬಂದು, ಅದು ಹೊಟ್ಟೆಯಡಿಯಾಗಿ ನೆಲಕ್ಕೆ ಕುಕ್ಕರಿಸಿತು. ಒಂದು ರೆಕ್ಕೆ ಹರಿಯಿತು, ಹೊಟ್ಟೆ ನುಗ್ಗಾಯಿತು, ಮೂಗು ಒಳಕ್ಕೆ ಹೋಯಿತು. ವಾರವಿಡೀ ಜನ ಬಂದು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ಆಮೇಲೆ ಮರೆತರು.

ನನ್ನದು ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಟಿಂಕರಿಂಗ್ ಶೆಡ್ಡು. ನಮ್ಮ ತಾತ ತಾಮ್ರದ ಹಂಡೆ, ಕೊಪ್ಪರಿಗೆ ಬಡಿಯುತ್ತಿದ್ದ. ನಮ್ಮಪ್ಪನ ಕಾಲಕ್ಕೆ ಹಂಡೆ ಕೇಳುವವರು ಕಡಿಮೆಯಾಗಿ, ಮಿಲ್ಲುಗಳಿಗೆ ಎಣ್ಣೆ ಡಬ್ಬ ಮಾಡಿಕೊಟ್ಟ. ನಾನು ಬಸ್ಸು ಲಾರಿಗಳ ಮೈಮೇಲಿನ ನೆಗ್ಗು ತೆಗೆಯುತ್ತೇನೆ. ಮೂರು ತಲೆಮಾರಿನಿಂದ ತಗಡು ಬಡಿದೂ ಬಡಿದೂ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಒಬ್ಬರೂ ಇಲ್ಲ. ನನಗಂತೂ ಬಾಯಿ ಜಾಸ್ತಿ, ಸಿಟ್ಟು ಇನ್ನೂ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂದು ಬೆಳಿಗ್ಗೆ ಮೊಳಕಾಲ್ಮೂರು ಬಸ್ಸಿಳಿದು ಒಬ್ಬ ಮುದುಕರು ಶೆಡ್ಡಿಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬುತ್ತಿ ಚೀಲ. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು, ವಿಮಾನದ ಮೈ ರಿಪೇರಿ ಮಾಡುವುದೇ ಅವರ ಕೆಲಸವಾಗಿತ್ತಂತೆ. ನಮ್ಮ ಬೀದಿಯವರೆಲ್ಲ ಆಮೇಲೆ ಅವರನ್ನು ಫಿಟ್ಟರ್ ತಾತ ಅನ್ನತೊಡಗಿದರು. ಆಂಧ್ರದ ಗಡಿಗೆ ಅಂಟಿಕೊಂಡ ಊರು ಅವರದು, ಐವತ್ತು ದಾಟಿದ ನನ್ನನ್ನು ತೆಲುಗಿನಲ್ಲಿ 'ಅಬ್ಬಾಯಿ' ಎಂದೇ ಕರೆದರು.

"ಅಬ್ಬಾಯಿ, ಆ ಕಾಲೇಜಿನ ಮುಂದೆ ಬಿದ್ದೈತಲ್ಲ, ಅದು ನನ್ನ ವಿಮಾನ" ಅಂದರು.

"ನಿಮ್ದಾ? ಹಂಗಾದ್ರೆ ಎತ್ಕೊಂಡು ಹೋಗ್ರಿ, ರಸ್ತೆ ಖಾಲಿ ಆಗ್ತೈತೆ" ಅಂದೆ. ಆ ಹೊತ್ತಿಗೆ ಬಸ್ಸಿನ ಬಾನೆಟ್ಟೊಂದು ನನ್ನ ತಲೆ ತಿನ್ನುತ್ತಿತ್ತು.

ಅವರು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ವಯಸ್ಸಿನಲ್ಲಿದ್ದಾಗ ಉತ್ತರದ ಕಡೆ ಎಲ್ಲೋ ಅದೇ ವಿಮಾನವನ್ನು ಏಳು ವರ್ಷ ನೋಡಿಕೊಂಡಿದ್ದರಂತೆ. ಎಡ ರೆಕ್ಕೆಯ ಹಿಂದೆ ತಾವು ಹಾಕಿದ್ದ ತೇಪೆಯ ರಿವೆಟ್ಟಿನ ಸಾಲು ಕೊಂಚ ಸೊಟ್ಟಗಿದ್ದದ್ದಕ್ಕೆ ಬೈಸಿಕೊಂಡಿದ್ದರು; ಆ ಸೊಟ್ಟ ಸಾಲು ಈಗಲೂ ಹಾಗೇ ಇದೆ. "ನಾನು ಕೈಯಾಡಿಸಿ ಬಿಟ್ಟ ವಿಮಾನ ವಾಪಸ್ ಬರದೇ ಇದ್ದದ್ದಿಲ್ಲ. ಈಗ ಗುಜರಿಗೆ ಹಾಕ್ತಾರಂತೆ. ನಾನು ಸಾಯೋ ತನಕ ಅದು ನಿಂತಿರ್ಲಿ ಅಬ್ಬಾಯಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ" ಅಂದರು. ಅಷ್ಟೇ ಅವರ ಬೇಡಿಕೆ. ಇನ್ನೊಬ್ಬರ ಮುಂದೆ ಕೈಚಾಚಿ ಅಭ್ಯಾಸವಿಲ್ಲದವರು ಕೇಳಿದರೆ ನನಗೆ ಇಲ್ಲ ಅನ್ನಲು ಬರುವುದಿಲ್ಲ. ಬಾನೆಟ್ಟು ಬಿಟ್ಟು, ರಿಪೇರಿಗೆ ಒಪ್ಪಿಗೆ ಕೇಳಲು ಅವರ ಜೊತೆ ಕಾಲೇಜಿಗೆ ಹೊರಟೆ.

ಕಾಲೇಜಿನ ಅಧ್ಯಕ್ಷರು ನಮ್ಮನ್ನು ನಿಲ್ಲಿಸಿಕೊಂಡೇ ಮಾತಾಡಿದರು. ಯಾವ ಭಾಗ ಬೇಕಾದರೂ ಹೊಸದು ಮಾಡಿ, ಆದರೆ ಮೂಗು ಮಾತ್ರ ಅಸಲಿಯದೇ ಇರಬೇಕು, ಇಲ್ಲದಿದ್ದರೆ ಗುಜರಿಯವರಿಗೆ ಹೇಳುತ್ತೇನೆ ಎಂಬುದು ಅವರ ಷರತ್ತು. "ಮುಖಾನಾದ್ರೂ ಒರಿಜಿನಲ್ ಇರ್ಬೇಕಲ್ರಿ. ಎಣ್ಣೆ ಡಬ್ಬ ಬಡಿದು ವಿಮಾನ ಅಂತ ತೋರಿಸೋಕಾಗಲ್ಲ" ಅಂದರು. ಆ 'ಎಣ್ಣೆ ಡಬ್ಬ' ಅನ್ನೋ ಮಾತು ನನಗೇ ಎಂದು ಗೊತ್ತಾಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಆದರೆ ಅದು ಎದೆಯಿಂದ ಕೆಳಗಿಳಿಯಲಿಲ್ಲ.

ಕಾಲೇಜಿನ ಹಿಂದಿನ ಹಳೇ ಶೆಡ್ಡಿಗೆ ವಿಮಾನವನ್ನು ಎಳೆಸಿ ಕೆಲಸ ಹಿಡಿದೆವು. ಯಂತ್ರ ಗಿಂತ್ರ ಏನೂ ಇಲ್ಲ. ಹುಣಸೆ ದಿಮ್ಮಿ, ಮರದ ಕೊಡತಿ, ಮರಳು ತುಂಬಿದ ಚೀಲ, ನಮ್ಮಪ್ಪನ ಸುತ್ತಿಗೆಗಳು. ಹರಿದ ತಗಡಿನ ಮೇಲೆ ಕಾಗದ ಹಾಸಿ ಅಚ್ಚು ತೆಗೆಯುವುದು, ಅದರಂತೆ ಹೊಸ ತಗಡು ಕತ್ತರಿಸುವುದು, ಮರಳು ಚೀಲದ ಮೇಲೆ ಬಡಿದು ಹೊಟ್ಟೆ ಬರಿಸುವುದು, ಕೂರಿಸಿ ನೋಡುವುದು, ಕೂರದಿದ್ದರೆ ತೆಗೆದು ಮತ್ತೆ ಬಡಿಯುವುದು. ತಾತ ಕಣ್ಣು ಮುಚ್ಚಿ ಅಂಗೈ ಆಡಿಸಿ ಏರುತಗ್ಗು ಹೇಳುತ್ತಿದ್ದರು. ಅವರಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು, ಕಣ್ಣು ತೆರೆದಿದ್ದರೂ ಅಷ್ಟೇ ಕಾಣುತ್ತಿತ್ತೆಂದು ಆಮೇಲೆ ತಿಳಿಯಿತು.

"ಮದುವೆ ಆಗಿ ಇಷ್ಟು ವರ್ಷ ಆಯ್ತು, ನನ್ನ ಮನೆ ನೀರಿನ ಡ್ರಮ್ಮಿನ ತೂತು ಮುಚ್ಚಿಲ್ಲ. ವಿಮಾನ ಮಾಡ್ತಾರಂತೆ ವಿಮಾನ!" ಎಂದು ನನ್ನ ಹೆಂಡತಿ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಹಾಗೆ ಹೇಳುತ್ತಲೇ ತಾತನಿಗೂ ಸೇರಿಸಿ ಮುದ್ದೆ ಕಟ್ಟುತ್ತಿದ್ದಳು. ಆಗಾಗ ಕುದಾಪುರದ ಕಡೆಯಿಂದ, ಒಳಗೆ ಆಳಿಲ್ಲದೆ ಹಾರುವ ಹೊಸ ಕಾಲದ ವಿಮಾನಗಳ ಸದ್ದು ಬರುತ್ತಿತ್ತು. ತಾತ ಕೈ ನಿಲ್ಲಿಸಿ ಕೇಳಿಸಿಕೊಂಡು, "ಅದ್ರೊಳಗೆ ಯಾರೂ ಇರಲ್ಲಂತಲ್ಲ. ವಾಪಸ್ ಬರೋ ತನಕ ಕಾಯೋರು ಯಾರಾದ್ರೂ ಇರ್ತಾರೇನು?" ಅನ್ನುವರು. ನನಗೇನು ಗೊತ್ತು, ಇರ್ತಾರೆ ಬಿಡ್ರಿ ಅನ್ನುತ್ತಿದ್ದೆ.

ಹೊಟ್ಟೆ ಮುಗಿಯಿತು, ರೆಕ್ಕೆ ಮುಗಿಯಿತು. ಉಳಿದದ್ದು ಮೂಗು. ಈ ಜಾತಿಯ ವಿಮಾನದ ಮೂಗೆಂದರೆ ಗಾಳಿ ಒಳಗೆ ಹೋಗುವ ದುಂಡನೆಯ ಬಾಯಿ. ಅದರ ಅಂಚಿಗೆ ದಪ್ಪ ಅಲ್ಯೂಮಿನಿಯಂ ತಗಡಿನ ಒಂದು ಉಂಗುರ. ಅದನ್ನು ನಾವು ಬಳೆ ಅನ್ನುತ್ತಿದ್ದೆವು. ದೊಡ್ಡ ಹಂಡೆಯ ಕಂಠದಷ್ಟೇ ಅಗಲ, ಹಾಗೇ ಹೊರಕ್ಕೆ ಮಗುಚಿದ ಅಂಚು. ಅದು ಮೂರು ಕಡೆ ನೆಗ್ಗಿತ್ತು. ತಣ್ಣಗಿದ್ದಾಗ ಬಡಿದರೆ ಬಿರಿಯುತ್ತದೆ, ಕಾಯಿಸಿ ಮೆತ್ತಗೆ ಮಾಡಿಕೊಂಡೇ ತಿದ್ದಬೇಕು.

ತಾತ ಒಂದು ಬಟ್ಟೆ ಸೋಪು ತೆಗೆದು ಇಟ್ಟರು. "ಮೊದ್ಲು ಇದನ್ನ ಬಳೆ ಮೇಲೆ ಗೀಚ್ಬೇಕು. ಕಾಯಿಸ್ತಾ ಹೋದಂಗೆ ಸೋಪಿನ ಗೆರೆ ಕಂದಾಗ್ತೈತೆ, ಆಮೇಲೆ ಕರ್ರಗಾಗ್ತೈತೆ. ಕರ್ರಗಾದ ತಕ್ಷಣ ಬೆಂಕಿ ತೆಗೀಬೇಕು. ನಾಳೆ ನಾನು ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು. ನಾಡಿದ್ದು ಬರ್ತೀನಿ, ಇಬ್ರೂ ಸೇರಿ ಮಾಡೋಣ. ಅಲ್ಲಿ ತನಕ ಮುಟ್ಬ್ಯಾಡ."

"ಬೆಂಕಿ ವಿಷಯ ನನಗೆ ಹೇಳ್ಕೊಡ್ತೀರಾ ಯಜಮಾನ್ರೇ? ನಾನು ಹುಟ್ಟಿದ್ದೇ ಕುಲುಮೆ ಪಕ್ಕ" ಅಂದೆ.

"ನಿಮ್ಮದು ತಾಮ್ರದ ಬೆಂಕಿ ಅಬ್ಬಾಯಿ" ಎಂದಷ್ಟೇ ಹೇಳಿ ಬಸ್ಸಿಗೆ ಹೋದರು.

ಮಾರನೆಯ ದಿನ ಮಧ್ಯಾಹ್ನ ನಾನೊಬ್ಬನೇ ಇದ್ದೆ. ಎಣ್ಣೆ ಡಬ್ಬ ಅಂದನಲ್ಲ, ಹಂಡೆ ಬಡಿಯುವವರ ಕೈ ಹೇಗಿರುತ್ತದೆಂದು ಆ ಅಧ್ಯಕ್ಷನಿಗೆ ತೋರಿಸಬೇಕು, ತಾತ ಬರುವಷ್ಟರಲ್ಲಿ ಬಳೆ ಸರಿಮಾಡಿ ಮೂಗಿಗೆ ಕೂರಿಸಿಬಿಡಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ತಾಮ್ರ ಕಾಯಿಸುವುದಕ್ಕೆ ಒಂದು ಪದ್ಧತಿ ಇದೆ. ಬಾಗಿಲು ಕಿಟಕಿ ಮುಚ್ಚಿ, ಸಂದುಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿಕೊಳ್ಳುತ್ತೇವೆ. ಬೆಳಕಿದ್ದರೆ ಲೋಹದ ಬಣ್ಣ ತಿಳಿಯುವುದಿಲ್ಲ. ಕತ್ತಲಲ್ಲಿ ತಾಮ್ರ ಮಂಕು ಕೆಂಪಿಗೆ ತಿರುಗಿದ್ದನ್ನು ನೋಡಿ ಬೆಂಕಿಯಿಂದ ತೆಗೆಯುತ್ತೇವೆ. ಆ ಕೆಂಪನ್ನು ನಮ್ಮಪ್ಪ ನನ್ನ ತಲೆ ಹಿಡಿದು ತೋರಿಸಿಕೊಟ್ಟಿದ್ದ. ಸೋಪು ಗೀಚುವುದು ನನಗೆ ಬಟ್ಟೆ ಒಗೆಯುವ ಕೆಲಸದಂತೆ ಕಂಡಿತು. ಗೋಣಿ ಕಟ್ಟಿದೆ, ಗ್ಯಾಸಿನ ಬೆಂಕಿ ಹಚ್ಚಿದೆ, ಬಳೆಯನ್ನು ಸುತ್ತಲೂ ಕಾಯಿಸುತ್ತಾ ಕೆಂಪಿಗಾಗಿ ಕಾದೆ.

ಕೆಂಪು ಬರಲಿಲ್ಲ. ಬೆಂಕಿ ಸಾಲದು ಅಂದುಕೊಂಡು ಜಾಸ್ತಿ ಮಾಡಿದೆ. ಬಳೆ ಅದೇ ಬಿಳಿ ಬಣ್ಣದಲ್ಲಿ, ಏನೂ ಆಗೇ ಇಲ್ಲವೆಂಬಂತೆ ಇತ್ತು. ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತಿರುವಾಗಲೇ ಒಂದು ಕಡೆ ಅದರ ಮೈ ನಡುಗಿದಂತಾಯಿತು. ನಾನು ಕೈ ಹಿಂದಕ್ಕೆ ಎಳೆಯುವಷ್ಟರಲ್ಲಿ ಅರ್ಧ ಬಳೆ ಜೋತುಬಿದ್ದು, ಹಾಲು ಚೆಲ್ಲಿದಂತೆ ಇಟ್ಟಿಗೆಗಳ ಮೇಲೆ ಸುರಿದುಹೋಯಿತು. ಅಲ್ಯೂಮಿನಿಯಂ ಕೆಂಪಾಗುವುದಿಲ್ಲ, ಕೆಂಪಾಗುವ ಮೊದಲೇ ಕರಗುತ್ತದೆ. ಅಯ್ಯೋ ದೇವರೇ ಎಂದು ತಲೆಯ ಮೇಲೆ ಕೈಹೊತ್ತು ಕೂತೆ. ಗೋಣಿ ಬಿಚ್ಚಲೂ ಧೈರ್ಯವಾಗಲಿಲ್ಲ, ಬೆಳಕು ಬಂದರೆ ಅದನ್ನು ನೋಡಬೇಕಿತ್ತು.

ಹೇಳಿದಂತೆ ಮರುದಿನ ತಾತ ಬಂದರು, ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು. ನಾನು ಗಟ್ಟಿಯಾದ ಆ ಲೋಹದ ಮುದ್ದೆಯನ್ನು ಅವರ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದರು.

"ಸೋಪು ಹಚ್ಚಿದ್ಯಾ?"

"ಇಲ್ರಿ."

"ಹೂಂ" ಅಂದರು. ಮುದ್ದೆಯನ್ನು ದಿಮ್ಮಿಯ ಮೇಲಿಟ್ಟು ಪಕ್ಕದಲ್ಲೇ ಕೂತರು. ಎರಡು ಏಟು ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ ಎದ್ದು, "ಹೊಸ ತಗಡು ತೆಗಿ" ಅಂದರು.

ಎರಡು ಅರ್ಧ ಬಳೆಗಳನ್ನು ಬಡಿದು, ನಡುವೆ ಬೆಸೆದು ಒಂದು ಮಾಡುವುದೆಂದು ತೀರ್ಮಾನವಾಯಿತು. ಮೊದಲನೆಯ ಬಳೆ ಬಿರಿಯಿತು, ಎರಡನೆಯ ಬಳೆ ತಿರುಚಿಕೊಂಡಿತು. ಮೂರನೆಯದಕ್ಕೆ ಪ್ರತಿ ಸಲವೂ ನಾನೇ ಸೋಪು ಗೀಚಿದೆ, ಕಂದು, ಕಪ್ಪು ಎಂದು ಮಗ್ಗಿ ಹೇಳುವವನಂತೆ ಬಾಯಲ್ಲಿ ಅನ್ನುತ್ತಾ ಕಾಯಿಸಿದೆ. ಆ ಬಳೆ ಬಂದ ಚೆಂದ ನಾನು ಹೇಳಿಕೊಂಡರೆ ಜಂಬವಾದೀತು. ಬಳೆ ಬಿಡುವುದಿದ್ದರೆ ಬೆಸುಗೆಯಲ್ಲೇ ಬಿಡಬೇಕು, ಆ ಬೆಸೆದ ಜಾಗ ಉಗುರಿಗೂ ಸಿಗುತ್ತಿರಲಿಲ್ಲ. ನನ್ನ ಜನ್ಮದಲ್ಲಿ ಅಂಥ ಕೆಲಸ ಮತ್ತೊಂದು ಮಾಡಿಲ್ಲ, ಇನ್ನು ಮಾಡುವುದೂ ಇಲ್ಲ.

ಅಧ್ಯಕ್ಷರು ನೋಡಲು ಬಂದ ದಿನ ವಿಮಾನ ಮೂರು ಚಕ್ರದ ಮೇಲೆ ನೆಟ್ಟಗೆ ನಿಂತಿತ್ತು. ಅವರು ಸುತ್ತು ಹಾಕಿದರು, ತಲೆಯಾಡಿಸಿದರು, ಮೂಗಿನ ಮುಂದೆ ನಿಂತರು. "ಇದು ಹಳೇದೇನಾ?" ಅಂದರು. ನಿಜ ಹೇಳುತ್ತೇನೆ, ಹೌದೆಂದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಅಲ್ಲ" ಅಂದರು ತಾತ. ವಿಮಾನದ ವಿಷಯದಲ್ಲಿ ಸುಳ್ಳು ಹೇಳುವುದು ಅವರ ಕೈಯಲ್ಲಿ ಆಗದ ಕೆಲಸ ಅಂದುಕೊಂಡೆ.

"ಹಂಗಾದ್ರೆ ಹಳೇದು ಎಲ್ಲೈತೆ?"

"ಕಾಯಿಸುವಾಗ ಕರಗಿಹೋಯ್ತು. ನನ್ನ ಕೈಯಿಂದ ಆದ ತಪ್ಪು" ಅಂದರು ತಾತ.

ಅಧ್ಯಕ್ಷರು ಲೊಚಗುಟ್ಟಿದರು. "ಕಣ್ಣು ಕಾಣ್ದೇ ಇರೋರು ಬೆಂಕಿ ಹತ್ರ ಯಾಕ್ರಿ ಹೋಗ್ತೀರಿ? ವಯಸ್ಸಾಯ್ತು, ಇನ್ನಾದ್ರೂ ಮನೇಲಿರ್ರಿ" ಅಂದರು. ತಾತ ತಲೆ ತಗ್ಗಿಸಿ ನಿಂತಿದ್ದರು. ಬೀದಿಯಲ್ಲಿ ಕಂಡವರ ಜೊತೆಯೆಲ್ಲ ಜಗಳ ಕಾಯುವ ನಾನು, ಅದು ನಾನ್ರೀ ಮಾಡಿದ್ದು ಎಂಬ ಒಂದು ಮಾತನ್ನು ಹೇಳಲಿಲ್ಲ. ಹಂಡೆಯವರ ವಂಶದವನು ಬೆಂಕಿಯಲ್ಲಿ ಬಳೆ ಕರಗಿಸಿದನೆಂದು ಊರು ಆಡಿಕೊಂಡೀತೆಂಬ ನಾಚಿಕೆ ನನಗೆ. ಥೂ, ನನ್ನ ಜನ್ಮಕ್ಕಿಷ್ಟು.

ಷರತ್ತು ಷರತ್ತೇ ಅಂದರು ಅಧ್ಯಕ್ಷರು. ವಿಮಾನ ಗುಜರಿಗೆ ಎಂದಾಯಿತು. ಬಸ್‌ಸ್ಟ್ಯಾಂಡಿನಲ್ಲಿ ತಾತನನ್ನು ಕೇಳಿದೆ, "ಯಾಕ್ರಿ ಹಂಗೆ ಹೇಳಿದ್ರಿ?"

"ನೀನು ಇನ್ನೂ ಈ ಊರಲ್ಲಿ ತಗಡು ಬಡಿದು ಬದುಕ್ಬೇಕಲ್ಲೋ. ನಾನೇನು ಇನ್ನೊಂದು ವಿಮಾನ ಮುಟ್ಟಲ್ಲ" ಅಂದರು. ಆಮೇಲೆ, "ಹಳೇ ಬಳೆ ಇದ್ದಿದ್ರೂ ಅವ್ರು ಇಟ್ಕೋತಿರಲಿಲ್ಲ ಬಿಡು" ಎಂದೂ ಸೇರಿಸಿದರು. ಅದನ್ನು ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ.

ಗುಜರಿಯವರು ಗ್ಯಾಸ್ ಕಟ್ಟರ್‌ನಿಂದ ಕೊಯ್ಯುತ್ತೇವೆ ಅಂದಾಗ ತಾತ ಒಪ್ಪಲಿಲ್ಲ. ಕಟ್ಟಿದ ಹಾಗೇ ಬಿಚ್ಚಿಕೊಡುತ್ತೇವೆ, ಸ್ವಲ್ಪ ದಿನ ಕೊಡಿ ಎಂದು ಬೇಡಿಕೊಂಡರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ನನ್ನ ಜೊತೆ ಕೂತು ಒಂದೊಂದೇ ರಿವೆಟ್ಟಿನ ತಲೆ ಕೊರೆದರು. ತಾವೇ ಹಾಕಿದ್ದ ಆ ಸೊಟ್ಟ ಸಾಲನ್ನೂ ಬಿಚ್ಚಿದರು. ಬಿಚ್ಚಿದ ತಗಡುಗಳನ್ನು ಗೀಚು ಬೀಳದಂತೆ ನಡುವೆ ಗೋಣಿ ಹಾಕಿ ಒಂದರ ಮೇಲೊಂದು ಜೋಡಿಸಿದೆವು. ಯಾವ ಸುಖಕ್ಕೆ ಎಂದು ನಾನು ಕೇಳಲಿಲ್ಲ.

ದಾವಣಗೆರೆಯಿಂದ ಲಾರಿ ಬಂತು. ಹಮಾಲಿಯೊಬ್ಬ ಗೋಣಿ ಕಿತ್ತೆಸೆದು ತಗಡುಗಳನ್ನು ಲಾರಿಗೆ ಹಾಕಿ, ಜಾಗ ಹಿಡಿಯುತ್ತದೆಂದು ಒಳಗೆ ಹತ್ತಿ ಕಾಲಿನಿಂದ ತುಳಿಯತೊಡಗಿದ. ಟೈರಿನ ಚಪ್ಪಲಿ ಹಾಕಿದ್ದ. ನಾನು ಲೇ ಎಂದು ಮುಂದೆ ಹೋದೆ, ತಾತ ನನ್ನ ರಟ್ಟೆ ಹಿಡಿದರು.

"ತಮ್ಮಾ, ಅಲ್ಲಿ ತುಳಿಬ್ಯಾಡ, ಅಡೀಲಿ ಚೂಪು ಪಟ್ಟಿ ಐತೆ, ಕಾಲು ಕೊಯ್ಕೊಂತೀಯ. ಈ ಕಡೆ ತುಳಿ" ಎಂದು ಅವನಿಗೆ ಹೇಳಿದರು. ಅವನು ಆ ಕಡೆ ತುಳಿದ, ರೆಕ್ಕೆ ಸದ್ದು ಮಾಡಿ ಮಡಚಿಕೊಂಡಿತು. ಹಾಗೇ ಒಂದೊಂದಕ್ಕೂ ಎಲ್ಲಿ ಕಾಲಿಡಬೇಕೆಂದು ಹೇಳುತ್ತಾ ಹೋದರು. ಕೊನೆಗೆ ಉಳಿದದ್ದು ಬಳೆ. ಹಮಾಲಿ ಒಂದು ತುಳಿದ, ಎರಡು ತುಳಿದ, ಎಗರಿ ಎರಡೂ ಕಾಲಲ್ಲಿ ತುಳಿದ. ಅದು ಜಗ್ಗಲಿಲ್ಲ.

"ಯಾವನೋ ಇದನ್ನ ಮಾಡಿದ್ದು, ಬಗ್ಗಂಗೇ ಇಲ್ಲವಲ್ಲ!" ಎಂದು ಬೈದ.

"ಇವ್ನು" ಎಂದು ತಾತ ನನ್ನ ಕಡೆ ಕೈ ತೋರಿಸಿದರು. ಆಮೇಲೆ ಲಾರಿಯ ಹತ್ತಿರ ಹೋಗಿ, ಬಳೆಯ ಸುತ್ತ ಅಂಗೈ ಆಡಿಸಿ ನನ್ನ ಬೆಸುಗೆಯನ್ನು ಹುಡುಕಿ, ಅದರ ಮೇಲೆ ಹೆಬ್ಬೆರಳಿಟ್ಟು, "ಇಲ್ಲಿ ತುಳಿ" ಅಂದರು.