ಕೆಸರಕ್ಕನ ಕೊಳವೆ, ಅಪ್ಪನ ಬಾಣ

ಬೆಳಕು ಹರಿಯುವ ಮುನ್ನವೇ ಕೆಸರಕ್ಕ ಎರಡು ಸ್ವೆಟರ್ ಹಾಕಿಕೊಂಡು, ಕಿವಿಗೆ ಬಟ್ಟೆ ಬಿಗಿದು, ಸಮುದ್ರ ಸಂಶೋಧನಾ ಕೇಂದ್ರದ ತಣ್ಣನೆ ಕೋಣೆಯ ದಪ್ಪ ಬಾಗಿಲನ್ನು ಭುಜದಿಂದ ತಳ್ಳುತ್ತಾರೆ. ಹೊರಗೆ ಬೆವರು ಕಿತ್ತುಬರುವ ಸೆಕೆ, ಒಳಗೆ ಮೂಗಿನ ತುದಿ ಮರಗಟ್ಟುವ ಚಳಿ. ನೆಲದಿಂದ ಸೂರಿನವರೆಗೆ ಕಬ್ಬಿಣದ ಅಟ್ಟಣಿಗೆ, ಅದರ ತುಂಬ ಆಳುದ್ದದ ಪ್ಲಾಸ್ಟಿಕ್ ಕೊಳವೆಗಳು. ಒಂದೊಂದರಲ್ಲೂ ಸಮುದ್ರದ ತಳಕ್ಕೆ ಚುಚ್ಚಿ ತೆಗೆದ ಕೆಸರು. ಹಡಗಿನವರು ತರುತ್ತಾರೆ, ವಿಜ್ಞಾನಿಗಳು ಓದುತ್ತಾರೆ, ಕಾಯುವವರು ಕೆಸರಕ್ಕ. ಹೆತ್ತವರಿಟ್ಟ ಹೆಸರು ಬೇರೆ ಇದೆ, ಆದರೆ ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ಹೊಸ ಕೊಳವೆಯನ್ನು ಮೇಜಿನ ಮೇಲೆ ಮಲಗಿಸಿ ಉದ್ದಕ್ಕೆ ಗರಗಸ ಆಡಿಸುತ್ತಾರೆ. ಆಮೇಲೆ ಸಣ್ಣ ತಂತಿಯೊಂದನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಕೊಳವೆ ಎರಡು ಹೋಳಾಗಿ ತೆರೆದುಕೊಂಡಾಗ ಬೂದು, ಹಸಿರು, ಕಂದು ಪದರಗಳು ಸಾಲಾಗಿ ಕಾಣುತ್ತವೆ. ಒಂದು ಹೋಳು ಪರೀಕ್ಷೆಗೆ, ಇನ್ನೊಂದು ಯಾರೂ ಮುಟ್ಟದ ಹಾಗೆ ಸುತ್ತಿಡಲು. ಮೇಲ್ಮೈಯನ್ನು ಚಪ್ಪಟೆ ಪಟ್ಟಿಯಿಂದ ಕೆರೆದು ಶುಚಿ ಮಾಡುವಾಗ ಅವರ ಕೈ ಯಾವತ್ತೂ ಅಡ್ಡಡ್ಡಕ್ಕೇ ಹೋಗುತ್ತದೆ.

"ಉದ್ದಕ್ಕೆ ಕೆರೆದ್ರೆ ನಿನ್ನೆ ಮಣ್ಣು ಹೋಗಿ ಮೊನ್ನೆ ಮಣ್ಣಿಗೆ ಮೆತ್ತಿಕೊಳ್ಳುತ್ತೆ. ನಿನ್ನೆ ಅಂದ್ರೆ ನಮ್ಮ ನಿನ್ನೆ ಅಲ್ಲ. ಇಲ್ಲಿ ಒಂದು ಬೆರಳಗಲ ದಾಟೋಕೆ ಸಾವಿರ ವರ್ಷ ಬೇಕು," ಎನ್ನುತ್ತಾರೆ.

ಅವರು ತೋರಿಸುವ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಎಂದೋ ಉರಿದ ಬೆಂಕಿಬೆಟ್ಟದ ಬೂದಿ. ಬೆಟ್ಟ ಈಗಿಲ್ಲ, ಉರಿದದ್ದನ್ನು ಕಂಡ ಕಣ್ಣೂ ಇಲ್ಲ, ಗೆರೆ ಮಾತ್ರ ಅಲುಗದೆ ಉಳಿದಿದೆ. ಸುತ್ತಲ ಮಣ್ಣೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳು, ಒಂದೊಂದೂ ಒಂದು ಕಾಲದಲ್ಲಿ ಜೀವ ಇದ್ದದ್ದು. ಆ ಮೇಜಿನ ಮುಂದೆ ನಿಂತವರು ಬಗ್ಗಿ ಬಗ್ಗಿ ನೋಡುತ್ತಾರೆ. ಇಷ್ಟು ವರ್ಷ ಅದನ್ನೇ ನೋಡಿದ ಕೆಸರಕ್ಕನಿಗೂ ಮೈ ಜುಮ್ಮೆನ್ನುವುದು ಇನ್ನೂ ನಿಂತಿಲ್ಲ.

ಅವರು ಇಲ್ಲಿಗೆ ಬಂದದ್ದು ನೆಲ ಒರೆಸಲು. ಒಮ್ಮೆ ತಂತಿ ಹಿಡಿಯಲು ಜನ ಸಾಲದೆ ಸಂಶೋಧಕಿಯೊಬ್ಬರು ಇವರನ್ನು ಕರೆದರು. ಕೈ ನಡುಗಲಿಲ್ಲ, ಕೆಲಸ ಅಂಟಿಕೊಂಡಿತು. ಚಳಿಗೆ ಬೆರಳಿನ ಗಂಟುಗಳು ಬಾತುಕೊಂಡಿವೆ. ಕೆಸರಿನ ವಾಸನೆ ಯಾವ ಸೋಪಿಗೂ ಜಗ್ಗುವುದಿಲ್ಲವಾದ್ದರಿಂದ ಮದುವೆಮನೆಗೆ ಹೋದರೂ ಮೊದಲು ಕೈ ಮೂಸಿಕೊಂಡೇ ಒಳಗೆ ಕಾಲಿಡುತ್ತಾರೆ.

ಈ ಕಟ್ಟಡಕ್ಕೆ ಇನ್ನೊಂದು ಬಗೆಯ ಅತಿಥಿಗಳೂ ಬರುತ್ತಾರೆ. ಎದುರಿನ ಸಮುದ್ರದಡಿ ಒಂದು ಖಂಡವೇ ಮುಳುಗಿದೆ, ಅಲ್ಲಿ ಊರುಗಳಿದ್ದವು, ತೋಟಗಳಿದ್ದವು ಎಂದು ನಂಬಿದವರು. ಒಬ್ಬ ಮಹಾಶಯರು ಗಾಡಿ ಮಾಡಿಕೊಂಡು "ಮುಳುಗಿದ ಅರಮನೆಯ ಕಂಬ" ತಂದಿದ್ದರು. ದುಂಡಗೆ, ನುಣುಪಾಗಿ, ನೋಡಿದರೆ ಕಂಬವೇ. ಕೆಸರಕ್ಕ ನೀರು ಹೊಯ್ದು ಬ್ರಷ್‌ನಲ್ಲಿ ಉಜ್ಜಿದಾಗ ಹಲಗೆಗಳ ಅಚ್ಚು, ಕಬ್ಬಿಣದ ಪಟ್ಟಿಯ ಗುರುತು ಎದ್ದು ಬಂತು. ಯಾವುದೋ ಹಡಗಿನಿಂದ ಬಿದ್ದ ಮರದ ಪೀಪಾಯಿಯೊಳಗಿನ ಸಿಮೆಂಟ್, ನೀರು ಕುಡಿದು ಕಲ್ಲಾಗಿತ್ತು.

"ಅವರಿಗೂ ನಗು ಬಂತು, ನನಗೂ ಬಂತು. ಟೀ ಕುಡಿದು ಹೋದ್ರು. ಕಂಬ ಮಾತ್ರ ಇಲ್ಲೇ ಬಿಟ್ರು. ಈಗ ಗಾಳಿಗೆ ಬಾಗಿಲು ಬಡ್ಕೊಳ್ಳದ ಹಾಗೆ ಅದನ್ನೇ ಉರುಳಿಸಿ ಅಡ್ಡ ಇಡ್ತೀನಿ," ಎನ್ನುತ್ತಾರೆ. "ನಂಬೋದು ಬಿಡೋದು ಆಮೇಲಿನ ಮಾತು. ಮೊದಲು ತೊಳೆದು ನೋಡಬೇಕಲ್ವಾ?"

ಆದರೆ ಆ ಖಂಡದ ಕತೆ ಕೆಸರಕ್ಕನ ಮನೆಯೊಳಗೇ ಇತ್ತು. ಅವರ ಅಪ್ಪ ಹರೆಯದಲ್ಲಿ ಸರ್ವೆ ಹಡಗೊಂದರಲ್ಲಿ ಹಗ್ಗ ಎಳೆಯುವ ಕೆಲಸಕ್ಕಿದ್ದವರು. ಅವರ ತಂಡ ಎತ್ತಿದ ಕೊಳವೆಯೊಂದರ ತುದಿಯಲ್ಲಿ ಎಲೆಯ ಚೂರುಗಳಿದ್ದ ಕಪ್ಪು ಮಣ್ಣು ಸಿಕ್ಕಿತ್ತು. ಮೇಲಿನ ತುದಿ ಯಾವುದೆಂದು ತೋರಿಸಲು ಕೊಳವೆಗೆ ಬಳಿದಿದ್ದ ಬಾಣದ ಪ್ರಕಾರ ಕಪ್ಪು ಮಣ್ಣು ಕೆಳಗೆ, ಸಮುದ್ರದ ಕೆಸರು ಮೇಲೆ. ಅಂದರೆ ಮೊದಲು ನೆಲ, ಆಮೇಲೆ ಸಮುದ್ರ. ಖಂಡ ಮುಳುಗಿದ್ದಕ್ಕೆ ಇನ್ನೇನು ಬೇಕು! ಮುಳುಗಿದ ಖಂಡದ ಸಂಘದವರು ಅಪ್ಪನನ್ನು "ಖಂಡ ಮುಟ್ಟಿದ ಅಜ್ಜ" ಎಂದೇ ಕರೆದರು, ಪ್ರತಿ ವರ್ಷ ವೇದಿಕೆಯಲ್ಲಿ ಕೂರಿಸಿದರು. ಹಡಗಿನಲ್ಲಿ ಯಾರೂ ತಿರುಗಿ ನೋಡದ ಆಳಿಗೆ ಬದುಕಿನಲ್ಲಿ ಸಿಕ್ಕ ಮರ್ಯಾದೆ ಅದೊಂದೇ.

ಈ ವರ್ಷ ಸಂಘ ಒಂದು ಪ್ರದರ್ಶನ ಮಂದಿರ ಕಟ್ಟಿತು. ಬಾಗಿಲಲ್ಲೇ ಅಪ್ಪನ ಆಳೆತ್ತರದ ಫೋಟೋ, ನಡುವೆ ಅದೇ ಕೊಳವೆಯ ಉಳಿದ ಹೋಳನ್ನು ಇಡಬೇಕೆಂಬ ಆಸೆ. ಪರೀಕ್ಷೆಯ ಹೋಳು ಎಂದೋ ಮುಗಿದಿತ್ತು. ಆಗ ಎಲ್ಲರೂ ಎಲೆಯ ಚೂರಿಗೇ ಮುಗಿಬಿದ್ದು ಆ ತುದಿಯನ್ನೇ ಮೊದಲು ಕತ್ತರಿಸಿ ಒಯ್ದಿದ್ದರು. ಸುತ್ತಿಟ್ಟ ಹೋಳನ್ನು ಹೊರಗೆ ಕಳಿಸುವ ಮುಂಚೆ ಬಿಚ್ಚಿ, ಶುಚಿ ಮಾಡಿ, ಫೋಟೋ ತೆಗೆಯಬೇಕೆಂಬುದು ಇಲ್ಲಿನ ಕ್ರಮ. ಆ ಬೆಳಗ್ಗೆ ಕೆಸರಕ್ಕ ಅಪ್ಪನ ಕೊಳವೆಯನ್ನು ಮೊಟ್ಟಮೊದಲ ಸಲ ಬಿಚ್ಚಿದರು.

ಅಡ್ಡಡ್ಡ ಕೆರೆಯುತ್ತ ಕಪ್ಪು ಮಣ್ಣಿನ ಹತ್ತಿರ ಬಂದಾಗ ಪಟ್ಟಿ ಕರಕರ ಎಂದಿತು. ಮರಳು. ದಪ್ಪ ಮರಳು ಮೇಲೆ, ಅದರಡಿ ನಯವಾದ ಮಣ್ಣು, ಎಲ್ಲದರ ಕೆಳಗೆ ಹಗುರ ಎಲೆಚೂರು. ನೀರಿನಲ್ಲಿ ಯಾವುದೂ ಹಾಗೆ ಕೂರುವುದಿಲ್ಲ. ಕೆಸರಕ್ಕ ಪಟ್ಟಿ ಕೆಳಗಿಟ್ಟು ಸಂಶೋಧಕಿಯನ್ನು ಕರೆದರು.

ಸಂಶೋಧಕಿ ಬಂದು ನೋಡಿದರು. ಅವಸರ ಪಡಲಿಲ್ಲ. ಎರಡೂ ತುದಿಯಿಂದ ಉಗುರಿನಷ್ಟು ಕೆಸರು ತೆಗೆದು ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. "ಅಕ್ಕ, ಮೇಲೆ ಅಂತ ಗುರುತಿರೋ ತುದಿಯ ಚಿಪ್ಪೇ ಹಳೇದು," ಎಂದರು. ಕೊಳವೆಯ ಬಾಣ ತಲೆಕೆಳಗಾಗಿತ್ತು. ಎಂದೋ ದಡ ಕುಸಿದು, ನದಿ ತಂದಿದ್ದ ಮರಳು, ಮಣ್ಣು, ಎಲೆಗಳು ಜಾರಿ ಆಳಕ್ಕಿಳಿದಿದ್ದವು. ಅದರ ಕೆಳಗೆ ಕೊಳವೆ ಮುಟ್ಟಿದಷ್ಟು ಉದ್ದಕ್ಕೂ, ಹತ್ತಾರು ಸಾವಿರ ವರ್ಷ, ಕಡಿಯದ ಸಮುದ್ರದ ಕೆಸರು. ಅಲ್ಲಿ ನೆಲವೇ ಇರಲಿಲ್ಲ.

ಮಂದಿರ ತೆರೆಯುವುದು ಭಾನುವಾರ. ಅಪ್ಪ ಆಗಲೇ ಅಂಗಿಗೆ ಇಸ್ತ್ರಿ ಹಾಕಿಸಿಟ್ಟಿದ್ದರು. "ಬಾಯಿ ಬಿಟ್ಟರೆ ಅಪ್ಪನ ಮರ್ಯಾದೆ ಹೋಗುತ್ತೆ, ಬಿಡದಿದ್ರೆ ಕೆಸರಿಗೆ ಮೋಸ," ಎನ್ನುತ್ತಾರೆ ಕೆಸರಕ್ಕ. ಕೊನೆಗೆ ಅವರು ಹೇಳಲಿಲ್ಲ, ತೋರಿಸಿದರು. ದಡದ ಮರಳು, ಹಿತ್ತಲ ಮಣ್ಣು, ನೆನೆಸಿ ಚೂರು ಮಾಡಿದ ಎಲೆ, ಎಲ್ಲವನ್ನೂ ಉಪ್ಪಿನಕಾಯಿಯ ಖಾಲಿ ಗಾಜಿನ ಜಾಡಿಗೆ ಹಾಕಿ, ನೀರು ತುಂಬಿ, ಕುಲುಕಿ, ಅಪ್ಪನ ತಟ್ಟೆಯ ಪಕ್ಕ ಇಟ್ಟರು.

"ಇದೇನಮ್ಮ, ಊಟದ ಹೊತ್ತಲ್ಲಿ?"

"ಸುಮ್ಮನೆ ನೋಡ್ತಾ ಇರಿ ಅಪ್ಪ."

ಮೊದಲು ಮರಳು ಕೂತಿತು. ಅಪ್ಪ ಊಟ ಮುಗಿಸಿದರೂ ಏಳಲಿಲ್ಲ. ಸಂಜೆಯಾಗುವಷ್ಟರಲ್ಲಿ ಮರಳಿನ ಮೇಲೆ ಮಣ್ಣು, ಎಲ್ಲದರ ಮೇಲೆ ಎಲೆ ಕೂತಿತ್ತು. ಕೆಸರಕ್ಕ ಕೊಳವೆಯ ಫೋಟೋವನ್ನು ಜಾಡಿಯ ಪಕ್ಕ ಇಟ್ಟರು. ಬದುಕಿಡೀ ಸಮುದ್ರ ನೋಡಿದ ಮನುಷ್ಯ, ವಿವರಿಸಬೇಕಾಗಲಿಲ್ಲ.

"ಬಾಣ ಬಳಿದಿದ್ದು ನಾನೇ ಕಣಮ್ಮ," ಎಂದರು ಅಪ್ಪ. "ಕೊಳವೆ ಕೊಕ್ಕೆಯಿಂದ ಜಾರಿ ಡೆಕ್ ಮೇಲೆ ಉರುಳ್ತು. ಯಾವ ತುದಿ ಯಾವುದು ಅಂತ ತಿಳೀಲಿಲ್ಲ. ಒಂದು ಕಡೆ ಕಪ್ಪು ಮಣ್ಣು ಕಾಣ್ತು. ನೆಲ ಅಂದ್ಮೇಲೆ ಕೆಳಗೇ ತಾನೇ ಇರಬೇಕು ಅಂದ್ಕೊಂಡು ಬಳಿದುಬಿಟ್ಟೆ." ಆ ಹಡಗಿನಲ್ಲಿದ್ದ ಯಾರಿಗಾದರೂ ಹಾಗೇ ಅನಿಸುತ್ತಿತ್ತು. ಆ ಒಂದು ಅಂದಾಜಿನ ಮೇಲೆ ಖಂಡವೊಂದು ಎದ್ದು, ಮುಳುಗಿ, ಮಂದಿರವನ್ನೂ ಕಟ್ಟಿಸಿಕೊಂಡಿತ್ತು.

ಸಂಘದ ಅಧ್ಯಕ್ಷರು ಕೆಟ್ಟವರಲ್ಲ. ವಿಷಯ ತಿಳಿದು ಮನೆಗೇ ಬಂದರು. "ಅಜ್ಜ, ನೀವೇನೂ ಮಾತಾಡೋದು ಬೇಡ. ಸುಮ್ಮನೆ ಬಂದು ಕೂತರೆ ಸಾಕು, ನಿಮ್ಮ ಕುರ್ಚಿ ನಿಮ್ಮದೇ," ಎಂದು ಕೈ ಹಿಡಿದುಕೊಂಡರು. ಅಪ್ಪ ಅವರನ್ನು ಬಾಗಿಲವರೆಗೂ ಬಿಟ್ಟು ಬಂದರು.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆ ಹತ್ತಿದರು. ಕೂರಲಿಲ್ಲ. ಮೈಕು ಹಿಡಿದು, ಬಾಣ ತಲೆಕೆಳಗೆ ಬಳಿದವನು ನಾನು ಎಂದರು. ಸಭೆ ಗುಜುಗುಜು ಎಂದಿತು, ಹಿಂದಿನ ಸಾಲಿನವರು ಕೆಲವರು ಎದ್ದೇ ಹೋದರು. ಯಾರೋ ಸಿಡಿಮಿಡಿಗೊಂಡು ಕೇಳಿದರು: "ಹಾಗಾದ್ರೆ ಅಲ್ಲಿ ಏನೂ ಇಲ್ವಾ?"

"ಏನೂ ಇಲ್ಲ ಅಂದವರ್ಯಾರು?" ಎಂದರಂತೆ ಅಪ್ಪ. "ಸಮುದ್ರ ಇತ್ತಲ್ಲಪ್ಪ. ನಾವ್ಯಾರೂ ಇಲ್ಲದಾಗಲೂ ಇತ್ತು. ಒಂದು ದಿನಾನೂ ಬಿಡದೆ ಇತ್ತು. ಅದನ್ನ ಈ ಕೈಯಲ್ಲಿ ಎತ್ತಿದ್ದೀನಿ, ಅದು ಸಾಲದಾ?"

ಸಭೆಯ ಹಿಂದೆ ನಿಂತಿದ್ದ ಕೆಸರಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

ಈ ಬೆಳಗ್ಗೆ ಅಪ್ಪ ಮಗಳ ಜೊತೆ ತಣ್ಣನೆ ಕೋಣೆಗೆ ಬಂದಿದ್ದಾರೆ. ಮಗಳ ಒಂದು ಸ್ವೆಟರ್ ಅವರ ಮೈಮೇಲಿದೆ. ಇಲ್ಲಿ ತಪ್ಪನ್ನು ಅಳಿಸುವ ಹಾಗಿಲ್ಲ. ಒಂದು ಗೆರೆ ಎಳೆದು, ತಪ್ಪು ಕಾಣುವ ಹಾಗೇ ಬಿಟ್ಟು, ಪಕ್ಕದಲ್ಲಿ ಸರಿ ಬರೆಯಬೇಕು. ಅಪ್ಪ ಹಳೆ ಬಾಣದ ಮೇಲೆ ಗೆರೆ ಎಳೆಯುತ್ತಾರೆ. ಬ್ರಷ್ ಹಿಡಿದ ಅವರ ಮುಂಗೈಯನ್ನು ಕೆಸರಕ್ಕ ಹಿಡಿದುಕೊಳ್ಳುತ್ತಾರೆ. ಹೊಸ ಬಾಣ ಸ್ವಲ್ಪ ಸೊಟ್ಟಗೆ, ಆದರೆ ಸರಿಯಾದ ದಿಕ್ಕಿಗೆ ಮೂಡುತ್ತದೆ.

ಇನ್ನೇನು ಬೇಕು ಕೆಸರಕ್ಕನಿಗೆ? ಒಂದೇ ಕೇಳಿಕೆ. ಬಣ್ಣ ಮಾಸಿತೆಂದು ಮುಂದೆ ಯಾರೂ ಆ ಕೊಳವೆಯನ್ನು ಹೊಸದಾಗಿ ಬಳಿಯಬಾರದು.

"ತಪ್ಪಿದ ಬಾಣಾನೂ ನಮ್ಮಪ್ಪಂದೇ, ತಿದ್ದಿದ ಬಾಣಾನೂ ನಮ್ಮಪ್ಪಂದೇ," ಎನ್ನುತ್ತಾರೆ, ಕೊಳವೆಯನ್ನು ಅಟ್ಟಣಿಗೆಗೆ ಏರಿಸುತ್ತ. "ಎರಡೂ ಇರಲಿ."