ತಾರಸಿ ಮೇಲಿನ ಅರಳಿ

ಬಂಗಾರಪೇಟೆಯಲ್ಲಿ ಯಾರ ಮನೆ ಬಿರುಕು ಬಿಟ್ಟರೂ ತಪ್ಪು ಚಿನ್ನದ ಗಣಿಯದು. ಅಲ್ಲಿ ಪಾತಾಳದಲ್ಲಿ ಬಂಡೆ ಸಿಡಿಯಿತು, ಇಲ್ಲಿ ತಾರಸಿ ಸೀಳಿತು, ಮಾತು ಮುಗಿಯಿತು. ನಮ್ಮ ಪಕ್ಕದ ಮನೆಯ ವರಲಕ್ಷ್ಮಮ್ಮನೂ ಹಾಗೇ ಅನ್ನುತ್ತಿದ್ದರು. ಐವತ್ತೆಂಟರ ಮಳೆಗಾಲದಲ್ಲಿ ಮೇಲಿಂದ ಗಾರೆಯ ತುಂಡೊಂದು ಕಳಚಿ ಅವರ ಮೊಮ್ಮಗನ ತೊಟ್ಟಿಲ ಪಕ್ಕದಲ್ಲೇ ಬಿತ್ತು. ಆಗ ಪಾಪಕ್ಕನಿಗೆ ಹೇಳಿಕಳಿಸಿದರು.

ಪಾಪಕ್ಕ ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯವಳು. ಗಂಡ ಗಣಿಯಲ್ಲಿ ಸತ್ತ ಮೇಲೆ ತಾರಸಿಗಳಿಗೆ ಗಾರೆ ಬಡಿದು ಬದುಕಿದವಳು. ಬಾಯಿ ಬಲು ಜೋರು. ಮೇಲೆ ಹತ್ತಿದವಳೇ ಕೂಗಿದಳು.

"ಗಣಿ ಸಿಡಿದ್ರೆ ನಮ್ ಲೈನ್ ಗೋಡೆ ಬಿರೀತವೆ ಕಣಮ್ಮಾ. ಅಷ್ಟು ದೂರದಿಂದ ನಿಮ್ ತಾರ್ಸೀನೇ ಉಡುಕ್ಕೊಂಡ್ ಬತ್ತದಾ? ಇಲ್ನೋಡಿ, ಬಿರುಕೆಲ್ಲಾ ಈ ಅರಳಿ ಗಿಡದ ಬುಡದಿಂದ್ಲೇ ಒಂಟವೆ!"

ಆ ಗಿಡಕ್ಕೆ ವರಲಕ್ಷ್ಮಮ್ಮ ದಿನಾ ನೀರೆರೆದು, ಕುಂಕುಮವಿಟ್ಟು ಕೈಮುಗಿಯುತ್ತಿದ್ದರು. ಮೊಮ್ಮಗನ ತಲೆಯ ಮೇಲೆ ತಾರಸಿ ಬೀಳಲೆಂದೇ ಬೆಳೆಸಿದಂತಿತ್ತು ಆ ಭಕ್ತಿ!

"ಅಶ್ವತ್ಥ ಕಿತ್ರೆ ಪಾಪ ಬತ್ತದೆ," ಅಂದರು ಅವರು. "ಅದನ್ನ ಯಾರು ಒರ್ತಾರೆ?"

"ನನ್ ಎಸ್ರೇ ಪಾಪಕ್ಕ. ನಾನೇ ಒರ್ತೀನಿ, ಬಿಡಿ."

ಗಿಡ ಕಿತ್ತಳು. ಬೇರಿನ ಜಾಡು ಹಿಡಿದು ಬಿರುಕನ್ನು ಅಗಲ ಮಾಡಿ, ಸಡಿಲಾದ ಗಾರೆಯನ್ನೆಲ್ಲ ಕೆತ್ತಿ, ಎಳೆ ಬೇರನ್ನೂ ಬಿಡದೆ ತೆಗೆದಳು. ಸುಣ್ಣ, ಇಟ್ಟಿಗೆ ಚೂರು ತುಂಬಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಮರದ ಬಡಿಗೆ ಪುಟಿದು ಬರುವಷ್ಟು ಗಟ್ಟಿಯಾಗುವವರೆಗೆ ಬಡಿದಳು. ಆಮೇಲೆ ಎಂಥ ಮಳೆ ಹೊಡೆದರೂ ಒಂದು ಹನಿ ಸೋರಲಿಲ್ಲ.

ಮಗುವಿಗೆ ಮೊದಲ ಅನ್ನ ಉಣಿಸುವ ದಿನ ಬೀದಿಗೆಲ್ಲ ಊಟ. ಪಾಪಕ್ಕನೂ ಮಗುವಿಗೊಂದು ಗಿಲಕಿ ಹಿಡಿದುಕೊಂಡು ಬಂದಳು. ವರಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತರು.

"ಗಿಡ ಕಿತ್ತ ಪಾಪ ಐತೆ ನಿನ್ ಮೇಲೆ. ಗಂಡ ಇಲ್ಲದೋಳು ಬೇರೆ. ಮಗೀಗೆ ಒಳ್ಳೇದಲ್ಲ. ಜಗಲಿ ಮೇಲೇ ಎಲೆ ಆಕಿಸ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಅಲ್ಲವೇ! ಅವಳ ಕೈ ಬೇಕು, ಕಾಲು ಹೊಸಿಲು ದಾಟಬಾರದು. ಆದರೂ ಒಳಗೆ ಎಲೆ ಮುಂದೆ ಕೂತಿದ್ದ ನಾವೆಲ್ಲ ಅನ್ನ ಕಲೆಸುತ್ತಲೇ ಇದ್ದೆವು. ಥೂ, ನಮ್ಮ ಜನ್ಮಕ್ಕಿಷ್ಟು!

ಪಾಪಕ್ಕ ಗಿಲಕಿಯನ್ನು ಜಗಲಿಯ ಮೇಲಿಟ್ಟಳು.

"ಸರಿ ಕಣಮ್ಮಾ. ಪಾಪಿ ಬಡಿದ ತಾರ್ಸಿ ಕೆಳಗೆ ಕೂಸ್ನ ಯಾಕೆ ಮಲಗ್ಸಿದ್ದೀರಿ? ತೊಟ್ಲನ್ನೂ ಜಗಲೀಗೆ ತನ್ನಿ."

ಅಷ್ಟಂದು ಸ್ಟೇಷನ್ ಕಡೆ ನಡೆದುಬಿಟ್ಟಳು. ನಾವೆಲ್ಲ ತಲೆಯೆತ್ತಿ ತಾರಸಿ ನೋಡಿದೆವು. ತೊಟ್ಟಿಲನ್ನು ಮಾತ್ರ ಯಾರೂ ಕದಲಿಸಲಿಲ್ಲ.