ರಂಜಿನಿಯ ಕೆಂಪು ಬೆಳಕು

ಎಳ್ಳುಕಾಳಿನಷ್ಟು ಕರಿ ಹರಳು ಕೈಗೆ ಸಿಕ್ಕರೆ ರಂಜಿನಿಗೆ ಊಟದ ನೆನಪೂ ಇರುವುದಿಲ್ಲ. ಹಳೇಕೋಟೆಯ ಹುಡುಗಿ, ಹಾಸನದ ನಮ್ಮ ಕಾಲೇಜಿನಲ್ಲಿ ನನ್ನ ಜೊತೆ ಭೌತಶಾಸ್ತ್ರ ಪಾಠ ಮಾಡುತ್ತಾಳೆ. ಕ್ಲಾಸು ಮುಗಿಯುತ್ತಲೇ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಆ ಹರಳನ್ನು ಟೇಪಿಗೆ ಅಂಟಿಸಿ, ಮಡಚಿ, ಕಿತ್ತು, ಮತ್ತೆ ಮಡಚಿ, ಮತ್ತೆ ಕಿತ್ತು ಕೂರುತ್ತಾಳೆ. ಹೀಗೆ ಬಿಡಿಸುತ್ತ ಹೋದರೆ ಕೊನೆಗೆ ಒಂದೇ ಪದರ ಉಳಿಯುತ್ತದೆ. ಹಸಿರು ಲೇಸರ್ ಬೆಳಕು ಹಾಯಿಸಿದರೆ ದಪ್ಪ ಹರಳು ಸತ್ತಂತೆ ಬಿದ್ದಿರುತ್ತದೆ. ಒಂಟಿ ಪದರ ಮಾತ್ರ ಕೆಂಪಗೆ ಬೆಳಗುತ್ತದೆ. ಅದನ್ನು ಹಾಸನದಲ್ಲೇ ಕಾಣಬೇಕೆಂಬುದು ಇವಳ ಹಟ.

"ಅದೆಲ್ಲ ದೊಡ್ಡ ಲ್ಯಾಬುಗಳ ಕೆಲಸ, ವಿಷಯ ಬದಲಾಯಿಸಮ್ಮ" ಎಂದಿದ್ದರು ಅವಳ ಪಿಎಚ್‌ಡಿ ಸಮಿತಿಯವರು. ಆ ಧಾಟಿ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ರಂಜಿನಿ ಜಗಳವಾಡಲಿಲ್ಲ. ಮೈಸೂರಿನ ಗೆಳತಿಯಿಂದ ಲೇಸರ್, ಫಿಲ್ಟರ್, ಕ್ಯಾಮೆರಾ ಎರವಲು ತಂದಳು. ಕಾಲೇಜಿನಲ್ಲಿ ಆಯುಧಪೂಜೆ ಮಾಡಿದ ಮರುದಿನ ಸಂಜೆ ಅವನ್ನು ವಾಪಸು ಬಸ್ಸಿಗೆ ಹಾಕಬೇಕಿತ್ತು. ಅಷ್ಟರೊಳಗೆ ಬೆಳಕು ಕಾಣದಿದ್ದರೆ ವಿಷಯವನ್ನೂ ಪಿಎಚ್‌ಡಿಯನ್ನೂ ಕೈಬಿಟ್ಟಂತೆಯೇ.

ಆ ದಿನ ಮಧ್ಯಾಹ್ನ ಕಿಟಕಿ ಮುಚ್ಚಿ, ದೀಪ ಆರಿಸಿ ಲೇಸರ್ ಬಿಟ್ಟೆವು. ಅಬ್ಬಬ್ಬಾ! ಕಂಪ್ಯೂಟರ್ ಪರದೆಯ ತುಂಬ ಕೆಂಪು ಚುಕ್ಕೆಗಳು! ನಮ್ಮ ವಿಭಾಗದ ಮುಖ್ಯಸ್ಥ ಚಂದ್ರಮೌಳಿ ಸರ್ ಕುಣಿದೇಬಿಟ್ಟರು. "ಗೆದ್ಬುಟ್ಟೆ ಕಣಮ್ಮ! ಫೋಟೋ ಕಳ್ಸು ಅವ್ರಿಗೆ, ಬಾಯ್ ಮುಚ್ಕೊಳ್ಲಿ!" ಖುಷಿಗೆ ನಾನೂ ಕಿರುಚಿದೆ.

ರಂಜಿನಿ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು.

"ತೇಜಕ್ಕಾ, ದಪ್ಪಂದೂ ಬೆಳಗ್ತಾ ಐತೆ ನೋಡಿ. ಹರಳೇ ಇಲ್ದಿರೋ ಕಡೇಲೂ ಐತೆ. ಅಂಗಾಗೋ ಅಂಗಿಲ್ಲ."

ದೀಪ ಹಾಕಿದೆವು. ಸೂಕ್ಷ್ಮದರ್ಶಕದ ನೆತ್ತಿಗೆ ಬೊಟ್ಟು, ಬಗಲಿಗೆ ಬೊಟ್ಟು, ಗಾಜು ಇಡುವ ತಟ್ಟೆಯ ಅಂಚಿಗೂ ಬೊಟ್ಟು! ಪೂಜೆಯ ಹುರುಪಿನಲ್ಲಿ ಸರ್ ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. ಉದುರಿದ ಕುಂಕುಮದ ಬಣ್ಣ ಲೇಸರಿಗೆ ಹೊಳೆಯುತ್ತಿತ್ತು.

ಸರ್ ಮುಖ ಸಣ್ಣದಾಯಿತು. "ಓಗ್ಲಿ, ಕಳ್ಸಿಬಿಡಮ್ಮ. ಯಾರಿಗ್ ಗೊತ್ತಾಯ್ತದೆ?"

"ಕುಂಕುಮಕ್ಕೆ ಪಿಎಚ್‌ಡಿ ಕೊಡ್ತಾರಾ ಸಾ?"

ಆ ಸಂಕಟದಲ್ಲೂ ನಗು ತಡೆಯಲಾಗಲಿಲ್ಲ. ಸರ್ ತಾವೇ ಸ್ಪಿರಿಟ್ ತಂದು ಬೊಟ್ಟುಗಳನ್ನೆಲ್ಲ ಒರೆಸಿದರು. ರಂಜಿನಿ ಹೊಸ ಟೇಪು ಹರಿದು, ಮಡಚಿ ಕಿತ್ತು, ಹೊಸ ಗಾಜಿಗೆ ಒತ್ತಿದಳು. ಬಸ್ಸಿಗೆ ಹೊತ್ತಾಗುತ್ತಿತ್ತು. "ಬೇಗ ಮಾಡೇ ತಾಯಿ!" ಎಂದು ನಾನು ಗದರುತ್ತಲೇ ದೀಪ ಆರಿಸಿದೆ.

ಕತ್ತಲು. ಬರೀ ಕತ್ತಲು. ದಪ್ಪ ಚೂರುಗಳೆಲ್ಲ ಕರ್ರಗೆ ಬಿದ್ದಿದ್ದವು. ಅವಳು ಗಾಜನ್ನು ಕೂದಲೆಳೆಯಷ್ಟು ಸರಿಸಿದಳು, ಇನ್ನಷ್ಟು ಸರಿಸಿದಳು. ಒಂದು ಕರಿ ಚೂರಿನ ಅಂಚಿನಲ್ಲಿ ಮಂಕಾಗಿ, ಕೆಂಪಗೆ, ಏನೋ ಹೊತ್ತಿಕೊಂಡಿತು. ಲೇಸರ್ ಆಚೆ ಸರಿಸಿದರೆ ಆರಿತು, ಈಚೆ ತಂದರೆ ಬೆಳಗಿತು. ಪಕ್ಕದ ದಪ್ಪ ಚೂರು ಮಾತ್ರ ಹಾಗೇ ಕಪ್ಪಗಿತ್ತು.

"ಇದು! ತೇಜಕ್ಕಾ, ಇದೇ ಕಣಕ್ಕಾ!" ಅವಳು ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ನಾಟಿತು. ಫೋಟೋ ತೆಗೆದು ಸಮಿತಿಗೆ ಕಳಿಸಿದ ಕೂಡಲೇ ಊರಿಗೆ ಫೋನು ಮಾಡಿದಳು. ಅವಳ ತಾಯಿ ಮುದ್ದಮ್ಮ ಕೂಲಿಯಿಂದ ಆಗಷ್ಟೇ ಮನೆಗೆ ಬಂದಿದ್ದರು.

"ಅವ್ವಾ, ಬೆಳಗ್ತು ಕಣವ್ವಾ!"

"ಅಂಗಾರೆ ನಿನ್ ಓದು ಬಿಡಂಗಿಲ್ಲ, ಅಲ್ವಾ ಮಗಾ?"

ರಂಜಿನಿ ಫೋನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿ ಅಳತೊಡಗಿದಳು.

"ಇಲ್ಲ ಮುದ್ದಮ್ಮ," ಎಂದೆ ನಾನು. "ಬಿಡು ಅನ್ನೋಕೆ ಇನ್ ಯಾರಿಗೂ ಬಾಯಿಲ್ಲ."